ಕೀಲಿಕೈ ಯಾರ ಬಳಿ ಇದೆ?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂಬುದು ಅದರ ಮುಖ್ಯ ಮಾತು. ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಎರಡೇ ದಿನದಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಅದನ್ನು ಹಿಂದಕ್ಕೆ ಪಡೆಯಿತು. ಆ ಗದ್ದಲದಲ್ಲಿ ಅದೇ ಪ್ರಕಟಣೆಯ ಇನ್ನೊಂದು ಸೂಚನೆ ಅಷ್ಟಾಗಿ ಚರ್ಚೆಗೆ ಬರಲಿಲ್ಲ: ಇಂಟರ್‌ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಆ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಅಳಿಸಿ ಬನ್ನಿ.

ಆ ಸೂಚನೆಯಲ್ಲಿ ತಿರುಳಿತ್ತು. ಫೋನು ಎಷ್ಟೇ ಬೆಳೆದರೂ ಕಾಗದಪತ್ರದ ಕೆಲಸದ ದೊಡ್ಡ ಪಾಲು ಇಂದಿಗೂ ನಡೆಯುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ. ಆಡಿಟರ್ ಕಚೇರಿಗೆ ಹೋಗುವ ಫಾರಂ 16, ಮುದ್ರಣಾಲಯಕ್ಕೆ ಹೋಗುವ ಪುಸ್ತಕದ ಪಿಡಿಎಫ್, ಸ್ಟುಡಿಯೊದಿಂದ ಬರುವ ಮದುವೆಯ ವಿಡಿಯೊ, ಲ್ಯಾಬಿನಿಂದ ವೈದ್ಯರಿಗೆ ತಲುಪಬೇಕಾದ ಸ್ಕ್ಯಾನ್, ವಕೀಲರು ಕೇಳಿದ ಕ್ರಯಪತ್ರ. ಇವನ್ನೆಲ್ಲ ಕಳಿಸುವಾಗ ಬಹಳ ಮಂದಿ ನೋಡುವುದು ಎರಡನ್ನೇ: ಸುಲಭವೇ, ಬೇಗ ಹೋಗುತ್ತದೆಯೇ? ನೋಡಬೇಕಾದ ಮೂರನೆಯದೊಂದಿದೆ. ಈ ಫೈಲು ಇಲ್ಲಿಂದ ಹೊರಟು ಅಲ್ಲಿಗೆ ಮುಟ್ಟುವ ತನಕ, ಮುಟ್ಟಿದ ಮೇಲೆಯೂ, ಅದನ್ನು ತೆರೆಯುವ ಕೀಲಿಕೈ ಯಾರ್ಯಾರ ಬಳಿ ಇರುತ್ತದೆ? ಸುರಕ್ಷಿತ ತಂತ್ರಾಂಶ ಆರಿಸುವುದೆಂದರೆ ಬಹುಪಾಲು ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಎಫ್‌ಟಿಪಿ ಎಂದು ಹೆಸರಾದ ಫೈಲು ಸಾಗಣೆಯ ನಿಯಮಾವಳಿಯನ್ನು ಮೊದಲು ಬರೆದವರು ಒಬ್ಬ ಭಾರತೀಯರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಅದನ್ನು ಪ್ರಕಟಿಸಿದರು. ಆಗ ಜಾಲವೆಂದರೆ ಬೆರಳೆಣಿಕೆಯ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು; ಒಬ್ಬರಿಗೊಬ್ಬರು ಪರಿಚಿತರು. ಕದ ಹಾಕಿಕೊಳ್ಳದ ಹಳ್ಳಿಮನೆಗಳಂತೆ ಎಲ್ಲ ತೆರೆದೇ ಇತ್ತು. ಹೆಸರು, ಪಾಸ್‌ವರ್ಡ್, ಫೈಲಿನ ಒಳಗಿನ ಅಕ್ಷರ, ಯಾವುದನ್ನೂ ಮರೆಮಾಡದೆ ತಂತಿಯ ಮೇಲೆ ಇದ್ದದ್ದು ಇದ್ದ ಹಾಗೆಯೇ ಹೋಗುತ್ತಿತ್ತು. ಆ ಕಾಲಕ್ಕೆ ಅದು ತಪ್ಪಲ್ಲ. ಆದರೆ ಜಾಲ ಜಗತ್ತನ್ನೆಲ್ಲ ಹಬ್ಬಿದ ಮೇಲೂ ಎಫ್‌ಟಿಪಿ ಹಾಗೆಯೇ ಉಳಿಯಿತು.

ಅದರ ಬೆಲೆ ಏನೆಂದು ಫಿನ್ಲೆಂಡಿನಲ್ಲಿ ಕಂಡಿತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಒಂದು ಕದ್ದಾಲಿಸುವ ತಂತ್ರಾಂಶ ಅಡಗಿಸಿಟ್ಟಿದ್ದರು. ಅದು ಸಿಕ್ಕಿಬೀಳುವ ಹೊತ್ತಿಗೆ ಸಾವಿರಾರು ಬಳಕೆದಾರರ ಹೆಸರು, ಪಾಸ್‌ವರ್ಡುಗಳನ್ನು ಕೂಡಿಹಾಕಿಕೊಂಡಿತ್ತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಇದನ್ನು ಕಂಡು ಕೂತಲ್ಲಿ ಕೂರಲಾರದೆ, ಎಲ್ಲವನ್ನೂ ಮರೆಮಾಡಿ ಸಾಗಿಸುವ ಹೊಸದೊಂದು ವಿಧಾನ ಬರೆದರು. ಅದೇ ಎಸ್‌ಎಸ್‌ಎಚ್. ಹಳೆಯ ಎಫ್‌ಟಿಪಿ 21ನೇ ಪೋರ್ಟ್‌ನಲ್ಲಿ, ಎಂದರೆ 21ನೇ ಸಂಖ್ಯೆಯ ಬಾಗಿಲಲ್ಲಿ, ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಟೆಲ್‌ನೆಟ್ 23ರಲ್ಲಿ ನಡೆಯುತ್ತಿದ್ದವು. ನಡುವಿನ 22 ಖಾಲಿಯಿತ್ತು. ಎರಡರ ಜಾಗವನ್ನೂ ತುಂಬಬೇಕಾದ ಹೊಸಬನಿಗೆ ಅದೇ ಇರಲೆಂದು ಕೇಳಿ ಪಡೆದರು. ಇಂದಿಗೂ ಅದೇ ಸಂಖ್ಯೆ ನಡೆಯುತ್ತಿದೆ. ಎಸ್‌ಎಸ್‌ಎಚ್‌ನ ಸುರಂಗದೊಳಗೆ ಫೈಲು ಸಾಗಿಸುವ ವಿಧಾನದ ಹೆಸರು ಎಸ್‌ಎಫ್‌ಟಿಪಿ.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಎಸ್ ಅಕ್ಷರ ಮುಂದೆ ಬಂದರೆ ಎಸ್‌ಎಫ್‌ಟಿಪಿ, ಹಿಂದೆ ಬಂದರೆ ಎಫ್‌ಟಿಪಿಎಸ್. ಮೊದಲನೆಯದು ಎಸ್‌ಎಸ್‌ಎಚ್ ಮನೆತನದ್ದು. ಎರಡನೆಯದು ಹಳೆಯ ಎಫ್‌ಟಿಪಿಗೇ ಬ್ಯಾಂಕ್ ಜಾಲತಾಣಗಳು ಬಳಸುವ ಟಿಎಲ್‌ಎಸ್ ಕವಚ ತೊಡಿಸಿದ್ದು. ಎರಡೂ ಸುರಕ್ಷಿತವೇ, ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೇ. ಬರಿಯ ಎಫ್‌ಟಿಪಿ ಮಾತ್ರ ಈಗ ಬಳಸಬಾರದ್ದು. 2021ರ ಜುಲೈನಲ್ಲಿ ಫೈರ್‌ಫಾಕ್ಸ್, ಅಕ್ಟೋಬರಿನಲ್ಲಿ ಕ್ರೋಮ್ ಅದನ್ನು ಹೊರಹಾಕಿದವು. ಹೀಗಿದ್ದೂ ಶಾಲೆ, ಸಂಘ, ಸಣ್ಣ ಪತ್ರಿಕೆಗಳ ಜಾಲತಾಣ ನೋಡಿಕೊಳ್ಳುವವರಿಗೆ ಪೋರ್ಟ್ 21 ಎಂದು ಬರೆದ ಚೀಟಿಯೇ ಎಷ್ಟೋ ಕಡೆ ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ. ಅಂಥವರು ಜಾಗ ಬಾಡಿಗೆಗೆ ಕೊಟ್ಟ ಕಂಪನಿಗೆ ಒಂದು ಪತ್ರ ಬರೆದು ಎಸ್‌ಎಫ್‌ಟಿಪಿ ವಿವರ ಕೇಳುವುದು ಒಳ್ಳೆಯದು.

ಸರ್ವರ್‌ಗೆ ಫೈಲು ಏರಿಸುವ ಕೆಲಸಕ್ಕೆ ಡೆಸ್ಕ್‌ಟಾಪಿನಲ್ಲಿ ಮೂರು ಹೆಸರು ಮುಖ್ಯ. ವಿಂಡೋಸ್‌ನಲ್ಲಿ ಮಾತ್ರ ಓಡುವ ವಿನ್‌ಎಸ್‌ಸಿಪಿ, ಜೆಕ್ ದೇಶದ ಮಾರ್ಟಿನ್ ಪ್ರಿಕ್ರಿಲ್ 2000ದಲ್ಲಿ ಶುರುಮಾಡಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಫೈಲ್‌ಜಿಲ್ಲಾವನ್ನು ಜರ್ಮನಿಯ ಟಿಮ್ ಕೋಸೆ 2001ರಲ್ಲಿ ತರಗತಿಯ ಪ್ರಾಜೆಕ್ಟ್ ಎಂದು ಸಹಪಾಠಿಗಳ ಜೊತೆ ಆರಂಭಿಸಿದರು. ಮೂರನೆಯದು ಮ್ಯಾಕ್‌ನಲ್ಲಿ ಹುಟ್ಟಿ ವಿಂಡೋಸ್‌ಗೂ ಬಂದ ಸೈಬರ್‌ಡಕ್. ಮೂರೂ ಉಚಿತವಾಗಿ ಸಿಗುತ್ತವೆ, ಮೂರರ ಮೂಲ ಸಂಕೇತವೂ ಬಹಿರಂಗ. ವಿಂಡೋಸ್ ಮಾತ್ರ ಬಳಸುವ ಹೊಸಬರಿಗೆ ವಿನ್‌ಎಸ್‌ಸಿಪಿಯೇ ಒಳ್ಳೆಯ ಆರಂಭ, ಏಕೆಂದರೆ ಅದು ಮೊದಲೇ ಎಸ್‌ಎಫ್‌ಟಿಪಿ ಆರಿಸಿಟ್ಟುಕೊಂಡು ಬರುತ್ತದೆ. ಫೈಲ್‌ಜಿಲ್ಲಾದಲ್ಲಿ ಒಂದು ಗೆರೆ ಗಮನಿಸಬೇಕು. ಸೈಟ್ ಮ್ಯಾನೇಜರಿನಲ್ಲಿ ಎಫ್‌ಟಿಪಿ ಆರಿಸಿದರೆ ‘ಟಿಎಲ್‌ಎಸ್ ಇದ್ದರೆ ಬಳಸು’ ಎಂಬ ಸಡಿಲ ಆಯ್ಕೆ ಇರುತ್ತದೆ. ಇದ್ದರೆ ಎಂದರೆ, ಇಲ್ಲದಿದ್ದರೆ ಕವಚವಿಲ್ಲದೆಯೂ ಹೋಗಬಹುದು ಎಂದರ್ಥ. ‘ಬೇಕೇ ಬೇಕು’ ಎಂಬ ಆಯ್ಕೆಗೆ ಬದಲಿಸಿಕೊಳ್ಳಬೇಕು.

ಕನ್ನಡದಲ್ಲಿ ಫೈಲಿನ ಹೆಸರಿಡುವವರಿಗೆ ಇನ್ನೊಂದು ಮಾತು. ಹಳೆಯ ಸರ್ವರುಗಳಲ್ಲಿ ‘ವಾರ್ಷಿಕ ವರದಿ’ ಎಂಬ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುವುದುಂಟು. ಸೆಟ್ಟಿಂಗಿನಲ್ಲಿ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಬಲವಂತಪಡಿಸಿದರೆ ಬಹುತೇಕ ಸರಿಹೋಗುತ್ತದೆ.

ಯಾವ ತಂತ್ರಾಂಶ ಎಂಬುದರಷ್ಟೇ ಮುಖ್ಯ, ಅದನ್ನು ಎಲ್ಲಿಂದ ತಂದದ್ದು ಎಂಬುದು. 2014ರ ಜನವರಿಯಲ್ಲಿ ಆ್ಯಂಟಿವೈರಸ್ ಕಂಪನಿ ಅವಾಸ್ಟ್ ಒಂದು ಎಚ್ಚರಿಕೆ ನೀಡಿತು. ಫೈಲ್‌ಜಿಲ್ಲಾದ ನಕಲಿ ಆವೃತ್ತಿಗಳು ಹರಿದಾಡುತ್ತಿದ್ದವು. ನೋಡಲು ಅಸಲಿಯಂತೆಯೇ, ಕೆಲಸವೂ ಅಸಲಿಯಂತೆಯೇ. ಫೈಲು ಸರಿಯಾಗಿಯೇ ಹೋಗುತ್ತಿತ್ತು. ಜೊತೆಗೆ ಸರ್ವರಿನ ವಿಳಾಸ, ಹೆಸರು, ಪಾಸ್‌ವರ್ಡ್ ಸದ್ದಿಲ್ಲದೆ ಕಳ್ಳರ ಕೈ ಸೇರುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 2023ರಲ್ಲಿ ವಿನ್‌ಎಸ್‌ಸಿಪಿಯ ಸರದಿ. ಹುಡುಕಾಟದ ಫಲಿತಾಂಶದ ಮೇಲ್ಗಡೆ ಹಣ ಕೊಟ್ಟು ಹಾಕಿಸಿದ ಜಾಹೀರಾತು ಒತ್ತಿದವರು ನಕಲಿ ಪುಟಕ್ಕೆ ಹೋಗಿ, ಬ್ಲ್ಯಾಕ್‌ಕ್ಯಾಟ್ ಎಂಬ ಒತ್ತೆಹಣದ ತಂಡಕ್ಕೆ ಬಾಗಿಲು ತೆರೆದುಕೊಟ್ಟದ್ದನ್ನು ಟ್ರೆಂಡ್ ಮೈಕ್ರೊ ಸಂಶೋಧಕರು ವಿವರಿಸಿದರು.

ಹಾಗಾಗಿ ತಂತ್ರಾಂಶ ಇಳಿಸಿಕೊಳ್ಳುವಾಗ ಹುಡುಕಾಟದ ಮೊದಲ ಸಾಲನ್ನು ನಂಬದೆ, ‘ಪ್ರಾಯೋಜಿತ’ ಎಂಬ ಪದ ಕಂಡರೆ ಕೆಳಗಿಳಿದು, ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು. ವಿನ್‌ಎಸ್‌ಸಿಪಿಯ ಮನೆ ವಿನ್‌ಎಸ್‌ಸಿಪಿ ಡಾಟ್ ನೆಟ್; ಫೈಲ್‌ಜಿಲ್ಲಾದ್ದು ಫೈಲ್‌ಜಿಲ್ಲಾ-ಪ್ರಾಜೆಕ್ಟ್ ಡಾಟ್ ಆರ್ಗ್. ಗೆಳೆಯರ ಪೆನ್‌ಡ್ರೈವಿನಲ್ಲಿ ಬಂದ ‘ಸೆಟಪ್’ ಫೈಲು ಎಷ್ಟು ಕೈ ದಾಟಿ ಬಂದಿದೆಯೋ ಹೇಳಲಾಗದು. ಏನನ್ನೂ ಇಳಿಸಿಕೊಳ್ಳುವ ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ: 2018ರಿಂದೀಚೆಗೆ ವಿಂಡೋಸ್ 10ರಲ್ಲಿ ಎಸ್‌ಎಫ್‌ಟಿಪಿ ಆದೇಶ ತಾನಾಗಿಯೇ ಅಡಕವಾಗಿ ಬರುತ್ತಿದೆ. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಅದು ಬಹಳ ಹಿಂದಿನಿಂದ ಇದೆ. ಕಪ್ಪು ಪರದೆಯಲ್ಲಿ ಆದೇಶ ಬರೆಯುವ ಅಭ್ಯಾಸ ಮಾತ್ರ ಬೇಕು.

ಮೊದಲ ಸಲ ಸರ್ವರ್‌ಗೆ ಸಂಪರ್ಕಿಸುವಾಗ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅರ್ಥವಾಗದ ಉದ್ದದ ಅಕ್ಷರಮಾಲೆ, ಕೆಳಗೆ ‘ನಂಬುತ್ತೀರಾ?’ ಎಂಬ ಪ್ರಶ್ನೆ. ಹತ್ತಿರಹತ್ತಿರ ಎಲ್ಲರೂ ಹೌದೆಂದು ಒತ್ತಿ ಮುಂದೆ ಹೋಗುತ್ತಾರೆ. ಆ ಅಕ್ಷರಮಾಲೆ ಸರ್ವರಿನ ಬೆರಳಚ್ಚು. ಎದುರಿಗಿರುವುದು ತಾನು ಹುಡುಕಿಬಂದ ಸರ್ವರೋ, ನಡುವೆ ವೇಷ ಹಾಕಿ ಕೂತ ಬೇರೊಬ್ಬನೋ ಎಂದು ತಿಳಿಯಲು ಇರುವ ಗುರುತು ಅದು. 2023ರ ಮಾರ್ಚ್ 24ರಂದು ತಂತ್ರಾಂಶಗಳ ಮೂಲ ಸಂಕೇತ ಇಡುವ ತಾಣ ಗಿಟ್‌ಹಬ್ ತನ್ನ ಸರ್ವರಿನ ಗುರುತಿನ ಒಂದು ಕೀಲಿ ಕೆಲಕಾಲ ಬಹಿರಂಗವಾಗಿ ಕಾಣುವಂತಾಗಿತ್ತೆಂದು ಒಪ್ಪಿಕೊಂಡು ಅದನ್ನು ಬದಲಿಸಿತು. ಮರುಸಲ ಸಂಪರ್ಕಿಸಿದ ತಂತ್ರಜ್ಞರ ಪರದೆಯ ಮೇಲೆಲ್ಲ ‘ಈ ಸರ್ವರಿನ ಗುರುತು ಬದಲಾಗಿದೆ’ ಎಂಬ ದೊಡ್ಡ ಎಚ್ಚರಿಕೆ. ಸರಿಯಾದವರು ಮಾಡಿದ್ದೇನೆಂದರೆ, ಗಿಟ್‌ಹಬ್ ತನ್ನ ಜಾಲತಾಣದಲ್ಲಿ ಪ್ರಕಟಿಸಿದ ಹೊಸ ಬೆರಳಚ್ಚನ್ನು ಪರದೆಯದರ ಜೊತೆ ಹೋಲಿಸಿ ನೋಡಿ ಆಮೇಲೆ ಒಪ್ಪಿದರು. ಮನೆಯ ಬಳಕೆದಾರರೂ ಅಷ್ಟೇ ಮಾಡಬಹುದು: ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಕೊನೆಯ ಹತ್ತು ಅಕ್ಷರ ಓದಿಸಿ ತಾಳೆ ನೋಡುವುದು. ಒಂದು ನಿಮಿಷದ ಕೆಲಸ.

ಪಾಸ್‌ವರ್ಡ್ ಉಳಿಸಿಡುವ ವಿಷಯವೂ ಹೀಗೇ ಕಣ್ತಪ್ಪಿಹೋಗುತ್ತದೆ. ಫೈಲ್‌ಜಿಲ್ಲಾ ಬಹಳ ವರ್ಷ ಪಾಸ್‌ವರ್ಡುಗಳನ್ನು ಕಂಪ್ಯೂಟರಿನ ಒಂದು ಸಾದಾ ಫೈಲಿನಲ್ಲಿ ಎನ್‌ಕ್ರಿಪ್ಷನ್ (ಕೀಲಿಯಿಲ್ಲದವರು ಓದಲಾಗದಂತೆ ಗೂಢಲಿಪಿಗೆ ಬದಲಿಸುವುದು) ಇಲ್ಲದೆ ಬರೆದಿಡುತ್ತಿತ್ತು. ಹಾದಿಯಲ್ಲಿ ಸುರಂಗ ಕಟ್ಟಿ, ಮನೆಯೊಳಗೆ ಕೀಲಿಯನ್ನು ಮೊಳೆಗೆ ನೇತುಹಾಕಿದ ಹಾಗೆ. ಬಳಕೆದಾರರು ದೂರುತ್ತಲೇ ಇದ್ದರು. 2017ರಲ್ಲಿ ಮಾಸ್ಟರ್ ಪಾಸ್‌ವರ್ಡ್ ಸೌಲಭ್ಯ ಬಂತು. ಈಗಲೂ ಅದನ್ನು ಬಳಕೆದಾರರೇ ಆರಿಸಿಕೊಳ್ಳಬೇಕು. ಹಲವರು ಕೂರುವ ಕಚೇರಿಯ ಕಂಪ್ಯೂಟರಿನಲ್ಲಂತೂ ಆರಿಸದೆ ಬಿಡಬಾರದು.

ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆಯನ್ನು ‘ಆಮೇಲೆ’ ಎಂದು ತಳ್ಳುವವರು 2024ರ ಏಪ್ರಿಲ್‌ನ ಘಟನೆ ನೆನಪಿಡಬೇಕು. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟಿ ಎಂಬ ಹೆಸರಾಂತ ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಒಂದು ದೋಷ ಕಂಡರು. ಪಾಸ್‌ವರ್ಡಿನ ಬದಲು ಒಂದು ಬಗೆಯ ಕೀಲಿ ಬಳಸಿ ಸರ್ವರಿಗೆ ಗುರುತು ತೋರಿಸುವಾಗ ಅದು ಹಾಕುವ ಸಹಿಗಳು ಸಾಕಷ್ಟು ಯಾದೃಚ್ಛಿಕವಾಗಿರಲಿಲ್ಲ. ಸುಮಾರು 60 ಸಹಿ ಸಿಕ್ಕರೆ ಸಾಕು, ಗುಟ್ಟಿನ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದಿತ್ತು. ಪುಟ್ಟಿಯ ಸಂಕೇತವನ್ನು ಒಳಗಿಟ್ಟುಕೊಂಡಿದ್ದ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿಗೂ ಅದು ತಗುಲಿತು. ಮೂರೂ ಬೇಗನೆ ತಿದ್ದುಪಡಿ ಬಿಡುಗಡೆ ಮಾಡಿದವು. ತಿದ್ದಿದ ಆವೃತ್ತಿ ಹಾಕಿಕೊಂಡವರಿಗೂ ಆ ಬಗೆಯ ಹಳೆಯ ಕೀಲಿಯನ್ನು ಎಸೆದು ಹೊಸದು ಮಾಡಿಕೊಳ್ಳುವ ಕೆಲಸ ಉಳಿದಿತ್ತು.

ಇಷ್ಟೆಲ್ಲ ಸರ್ವರ್ ಇರುವವರ ಮಾತಾಯಿತು. ಸರ್ವರ್ ಗಿರ್ವರ್ ಏನೂ ಇಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ಫೈಲು ಮುಟ್ಟಿಸಬೇಕಾದವರೇ ಹೆಚ್ಚು. ಮೇಲ್‌ಗೆ ಹಿಡಿಸದಷ್ಟು ದೊಡ್ಡದಾದರೆ ಅವರು ನೇರವಾಗಿ ವಿಟ್ರಾನ್ಸ್‌ಫರ್‌ನಂಥ ತಾಣಕ್ಕೆ ಹೋಗುತ್ತಾರೆ. ಅಲ್ಲಿ ಹಾದಿಯಲ್ಲೂ ಗೋದಾಮಿನಲ್ಲೂ ಬೀಗ ಇದೆ, ನಿಜ. ಕೀಲಿಕೈ ಮಾತ್ರ ಗೋದಾಮಿನವರ ಬಳಿಯೇ ಇರುತ್ತದೆ. 2019ರ ಜೂನ್‌ನಲ್ಲಿ ಆ ಸೇವೆಯ ತಪ್ಪಿನಿಂದ ಕೆಲವರ ಫೈಲುಗಳ ಕೊಂಡಿ ಸಂಬಂಧವೇ ಇಲ್ಲದವರ ಮೇಲ್‌ಗೆ ಹೋಯಿತು. 2020ರ ಮೇ ತಿಂಗಳಲ್ಲಿ ಭಾರತದ ದೂರಸಂಪರ್ಕ ಇಲಾಖೆ ತಾಣವನ್ನೇ ತಡೆಹಿಡಿಯಲು ಆದೇಶಿಸಿದಾಗ ಅದನ್ನೇ ನಂಬಿದ್ದ ವಿನ್ಯಾಸಕಾರರು, ಛಾಯಾಗ್ರಾಹಕರು ಪರದಾಡಿದರು. 2025ರ ಜುಲೈನಲ್ಲಿ, ಹೊಸ ಷರತ್ತುಗಳನ್ನು ನೋಡಿದರೆ ಬಳಕೆದಾರರ ಫೈಲುಗಳನ್ನು ಎಐ ತರಬೇತಿಗೆ ಬಳಸುವಂತಿದೆಯಲ್ಲ ಎಂಬ ಪ್ರತಿಭಟನೆ ಎದ್ದು, ಕಂಪನಿ ಆ ಉದ್ದೇಶವಿಲ್ಲವೆಂದು ಹೇಳಿ ಪದಗಳನ್ನು ಬದಲಿಸಿತು. ಪ್ರವಾಸದ ಚಿತ್ರಗಳಿಗೆ ಇಂಥ ಸೇವೆ ಸಾಕು. ಕ್ರಯಪತ್ರಕ್ಕೆ, ರಕ್ತಪರೀಕ್ಷೆಯ ವರದಿಗೆ ಸಾಲದು.

ಕೀಲಿಕೈ ಕಳಿಸುವವರು ಮತ್ತು ಪಡೆಯುವವರ ಬಳಿ ಮಾತ್ರ ಇರುವ ಸೇವೆಯೊಂದನ್ನು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2019ರ ಮಾರ್ಚಿನಲ್ಲಿ ಆರಂಭಿಸಿತ್ತು. ಫೈರ್‌ಫಾಕ್ಸ್ ಸೆಂಡ್ ಎಂದು ಹೆಸರು. ಒಳಗೇನಿದೆ ಎಂದು ಮೊಜಿಲ್ಲಾಕ್ಕೂ ಕಾಣದ ಆ ದಾರಿಯನ್ನು ವೈರಸ್ ಹರಡುವವರು ಬಳಸತೊಡಗಿದರು. 2020ರ ಜುಲೈನಲ್ಲಿ ತಾತ್ಕಾಲಿಕವಾಗಿ ನಿಂತ ಸೇವೆ ಸೆಪ್ಟೆಂಬರಿನಲ್ಲಿ ಪೂರ್ತಿ ಮುಚ್ಚಿತು. ಒಳ್ಳೆಯದೊಂದು ಹೀಗೆ ಹೋದದ್ದು ಬೇಸರದ ಸಂಗತಿ.

ಆ ಜಾಗ ಪೂರ್ತಿ ಖಾಲಿಯಾಗಿಲ್ಲ. ಬ್ರಯಾನ್ ವಾರ್ನರ್ ರೂಪಿಸಿದ ಮ್ಯಾಜಿಕ್ ವರ್ಮ್‌ಹೋಲ್ ಎಂಬುದಿದೆ. ಕಳಿಸುವವರ ಪರದೆಯಲ್ಲಿ ಒಂದು ಅಂಕಿ, ಎರಡು ಇಂಗ್ಲಿಷ್ ಪದ ಮೂಡುತ್ತವೆ. ಅದನ್ನು ಫೋನಿನಲ್ಲಿ ಹೇಳಿದರೆ, ಪಡೆಯುವವರು ತಮ್ಮ ಕಂಪ್ಯೂಟರಿನಲ್ಲಿ ಬರೆದ ಕೂಡಲೇ ಫೈಲು ಹೊರಡುತ್ತದೆ. ಆ ಪದಗಳು ಒಂದೇ ಸಲಕ್ಕೆ. ನಡುವೆ ನುಸುಳಲು ನೋಡುವವನಿಗೆ ಊಹಿಸಲು ಒಂದೇ ಅವಕಾಶ. ಊಹೆ ಸರಿಯಾಗುವ ಸಾಧ್ಯತೆ 65,536ರಲ್ಲಿ ಒಂದು. ತಪ್ಪಿದರೆ ಸಂಪರ್ಕವೇ ಮುರಿದು ಕಳಿಸುವವರಿಗೆ ತಿಳಿದುಹೋಗುತ್ತದೆ. ಆದೇಶ ಬರೆಯುವುದು ಬೇಡವೆನ್ನುವವರಿಗೆ ಇದೇ ವಿಧಾನ ಬಳಸುವ ರಿಮ್ಡ್‌ಪೋರ್ಟ್ ಎಂಬ ಕಿಟಕಿ-ಗುಂಡಿಗಳ ತಂತ್ರಾಂಶವಿದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಒಂದೇ ಮನೆ, ಒಂದೇ ಕಚೇರಿಯ ಒಳಗೆ ಫೋನಿನಿಂದ ಡೆಸ್ಕ್‌ಟಾಪಿಗೆ ಚಿತ್ರ ಸಾಗಿಸಲು ಒಂದು ಕಾಲಕ್ಕೆ ಶೇರ್‌ಇಟ್, ಕ್ಸೆಂಡರ್ ಮನೆಮಾತಾಗಿದ್ದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಎರಡೂ ಇದ್ದವು. ಈಗ ಆ ಜಾಗಕ್ಕೆ ಲೋಕಲ್‌ಸೆಂಡ್ ತಕ್ಕದ್ದು. ಉಚಿತ, ಮುಕ್ತ ಸಂಕೇತದ್ದು, ಖಾತೆ ಬೇಡ, ಜಾಹೀರಾತಿಲ್ಲ. ಒಂದೇ ವೈಫೈನಲ್ಲಿರುವ ಎರಡು ಸಾಧನಗಳ ನಡುವೆ ಎನ್‌ಕ್ರಿಪ್ಟ್ ಆಗಿ ಫೈಲು ದಾಟುತ್ತದೆ, ಹೊರಗಿನ ಯಾವ ಸರ್ವರನ್ನೂ ಮುಟ್ಟುವುದಿಲ್ಲ.

ಏನನ್ನೂ ಬದಲಿಸಲಾರೆ, ಮೇಲ್ ಮತ್ತು ಡ್ರೈವ್‌ನಲ್ಲೇ ಕಳಿಸುತ್ತೇನೆ ಎನ್ನುವವರಿಗೆ ಇರುವ ಉತ್ತರ: ಕಳಿಸುವ ಮೊದಲೇ ಫೈಲಿಗೆ ಬೀಗ ಹಾಕಿ. ರಷ್ಯಾದ ಇಗೋರ್ ಪಾವ್ಲೊವ್ ಅವರ 7-ಜಿಪ್ ಇದಕ್ಕೆ ಸಾಕು. ಸೆವೆನ್-ಜೆಡ್ ರೂಪ ಆರಿಸಿ, ಉದ್ದದ ಪಾಸ್‌ವರ್ಡ್ ಕೊಟ್ಟು, ಫೈಲಿನ ಹೆಸರುಗಳನ್ನೂ ಮರೆಮಾಡುವ ಚೌಕಕ್ಕೆ ಗುರುತು ಹಾಕಬೇಕು. ‘ವಿಚ್ಛೇದನ ಅರ್ಜಿ’ ಎಂಬ ಹೆಸರೊಂದೇ ಕಂಡರೂ ಗುಟ್ಟು ರಟ್ಟಾದಂತೆಯೇ. ಜಿಪ್ ರೂಪವೇ ಬೇಕಾದರೆ ವಿಧಾನದ ಜಾಗದಲ್ಲಿ ಎಇಎಸ್-256 ಇದೆಯೇ ನೋಡಿ. ಹಳೆಯ ಜಿಪ್‌ಕ್ರಿಪ್ಟೊ ವಿಧಾನವನ್ನು ಮುರಿಯುವ ಬಗೆಯನ್ನು 1994ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಪಡೆಯುವವರ ಬಳಿಯೂ 7-ಜಿಪ್ ಅಥವಾ ಆ ರೂಪದ ಫೈಲನ್ನು ತೆರೆಯಬಲ್ಲ ತಂತ್ರಾಂಶ ಇರಬೇಕು. 7-ಜಿಪ್ ತಾನಾಗಿ ನವೀಕರಣಗೊಳ್ಳುವುದಿಲ್ಲ, ಆಗಾಗ ಕೈಯಾರೆ ಹೊಸದನ್ನು ಹಾಕಿಕೊಳ್ಳಬೇಕು.

ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಫೋನಿನಲ್ಲಿ ಹೇಳಬೇಕು. ಸುಲಭವಾಗಿ ಊಹಿಸುವಂತೆಯೂ ಇರಬಾರದು. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಎಂಬುದು ಎಲ್ಲರಿಗೂ ಗೊತ್ತು. ಹೆಸರು, ವಯಸ್ಸು ಬಲ್ಲ ಯಾರಿಗೂ ಅದು ಬೀಗವಲ್ಲ.

ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಎನ್‌ಕ್ರಿಪ್ಟ್ ಆಗಿದೆ ಎಂದಲ್ಲ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಕಂದಾಯ ಇಲಾಖೆ ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ವಿವರವನ್ನು ಎರಡು ಸಿಡಿಗಳಲ್ಲಿ ತುಂಬಿ ಲೆಕ್ಕಪರಿಶೋಧಕರಿಗೆ ಅಂಚೆಯಲ್ಲಿ ಕಳಿಸಿತು. ಸಿಡಿಗಳು ತಲುಪಲೇ ಇಲ್ಲ. ಎರಡೂವರೆ ಕೋಟಿ ಜನರ ಹೆಸರು, ವಿಳಾಸ, ಬ್ಯಾಂಕ್ ಖಾತೆಯ ವಿವರ ಅವುಗಳಲ್ಲಿದ್ದವು. ಪಾಸ್‌ವರ್ಡ್ ಇತ್ತು, ಎನ್‌ಕ್ರಿಪ್ಷನ್ ಇರಲಿಲ್ಲ. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಇದು ಸಂಬಂಧಿಸಿದ ಕಥೆ. ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಿಂದ ಇಡೀ ಡ್ರೈವಿಗೇ ಬೀಗ ಹಾಕಬಹುದು.

ದುಬಾರಿ ತಂತ್ರಾಂಶ ಕೊಂಡರೆ ನಿಶ್ಚಿಂತೆ ಎಂದುಕೊಳ್ಳುವ ಸಂಸ್ಥೆಗಳಿಗೆ ಮೂವ್‌ಇಟ್ ಪ್ರಕರಣ ಎದುರಿಗಿದೆ. ಸುರಕ್ಷಿತ ಫೈಲು ಸಾಗಣೆಗೆಂದೇ ಮಾರಾಟವಾಗುತ್ತಿದ್ದ ಆ ತಂತ್ರಾಂಶದ ಬಿರುಕೊಂದನ್ನು 2023ರ ಮೇ ಕೊನೆಯಲ್ಲಿ ಕ್ಲಾಪ್ ಎಂಬ ಸುಲಿಗೆಕೋರರ ತಂಡ ಬಳಸಿಕೊಂಡಿತು. ತಯಾರಕರು ಮೇ 31ಕ್ಕೆ ತಿದ್ದುಪಡಿ ಕೊಡುವಷ್ಟರಲ್ಲಿ ಕಳವು ನಡೆದುಹೋಗಿತ್ತು. ಬಿಬಿಸಿ, ಬ್ರಿಟಿಷ್ ಏರ್‌ವೇಸ್ ಸಿಬ್ಬಂದಿಯ ಮಾಹಿತಿ ಅವರ ಸಂಬಳದ ಲೆಕ್ಕ ನೋಡುವ ಕಂಪನಿಯ ಮೂಲಕ ಸೋರಿತು. ಬಾಧಿತ ಸಂಸ್ಥೆಗಳ ಸಂಖ್ಯೆ 2,700 ದಾಟಿತೆಂದು ಎಮ್ಸಿಸಾಫ್ಟ್ ಕಂಪನಿ ಲೆಕ್ಕ ಹಾಕಿತು. ಅಕ್ಸೆಲಿಯನ್, ಗೋಎನಿವೇರ್ ಎಂಬ ಇಂಥವೇ ತಂತ್ರಾಂಶಗಳನ್ನು ಅದೇ ತಂಡ ಅದಕ್ಕೂ ಮುಂಚೆ ಒಡೆದಿತ್ತು. ಎಲ್ಲರ ಫೈಲು ಬಂದು ಸೇರುವ ಜಾಗವೇ ಕಳ್ಳರಿಗೆ ಖಜಾನೆ. ಏರಿಸುವ ಮೊದಲೇ ಬೀಗ ಹಾಕಿದ ಫೈಲು, ತಲುಪಿದ ಕೂಡಲೇ ಅಲ್ಲಿಂದ ಅಳಿಸಿದ ಫೈಲು ಮಾತ್ರ ಇಂಥ ಕಳ್ಳತನದಲ್ಲಿ ಉಳಿದುಕೊಳ್ಳುತ್ತದೆ. ಗ್ರಾಹಕರ ಮಾಹಿತಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯ ತನಕ ದಂಡ ಹಾಕಲು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ.

ಇನ್ನು ಉಳಿದದ್ದು ದಾರಿಯ ಕೊನೆಯ ಮನೆ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸಿದ ಆಧಾರ್ ಪ್ರತಿಯನ್ನು ನಡುದಾರಿಯಲ್ಲಿ ಯಾರೂ ನೋಡಲಾರರು. ಪ್ರಿಂಟ್ ತೆಗೆದಾದ ಮೇಲೆ ಅದು ಅಂಗಡಿಯ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ, ಊರಿನ ನೂರಾರು ಜನರ ಪ್ಯಾನ್, ಪಾಸ್‌ಬುಕ್, ಅಂಕಪಟ್ಟಿಗಳ ಜೊತೆ. ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಸೇವಾ ಕೇಂದ್ರ ನಡೆಸುವವರಲ್ಲಿ ಒಂದು ಕೋರಿಕೆ: ಪ್ರತಿ ಸಂಜೆ ಬಾಗಿಲು ಹಾಕುವ ಮುನ್ನ ಆ ಫೋಲ್ಡರನ್ನೂ ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ, ತೆರೆದೇ ಉಳಿದಿರುವ ಗ್ರಾಹಕರ ವಾಟ್ಸ್‌ಆ್ಯಪ್ ವೆಬ್, ಜಿಮೇಲ್‌ಗಳಿಂದ ಲಾಗ್‌ಔಟ್ ಮಾಡಿ. ಗ್ರಾಹಕರೂ ಪ್ರಿಂಟ್ ಕೈಗೆ ಬಂದ ಮೇಲೆ ಎರಡು ನಿಮಿಷ ಅಲ್ಲೇ ನಿಂತು, ಅಳಿಸಿದಿರಾ ಎಂದು ಕೇಳಿ ಹೊರಡಲಿ.